ಕೊನೇ ಬೋಗಿಗೆ ಹತ್ತಿರ್ತಾನೆ ಬಿಡು

ಬಂಗಾರಪೇಟೆಯ ಪಾನಿಪುರಿ ತಿಂದವರಿಗೆ ಗೊತ್ತು, ಅದರ ಪಾನಿಗೆ ಬಣ್ಣವಿಲ್ಲ. ಬೇರೆ ಊರುಗಳಂತೆ ಹಸಿರಲ್ಲ, ಹುಣಸೆಯ ಕಂದೂ ಅಲ್ಲ. ಕುಡಿಯುವ ನೀರಿನಷ್ಟು ತಿಳಿ. ಬಾಯಿಗೆ ಬಿದ್ದ ಮೇಲೆಯೇ ಹಸಿಮೆಣಸಿನಕಾಯಿಯೂ ಬೆಳ್ಳುಳ್ಳಿಯೂ ಒಟ್ಟಿಗೆ ಮೂಗಿಗೇರುವುದು. ಹೋದ ತಿಂಗಳು ಮಿಕ್ಸಿ ರಿಪೇರಿಗೆಂದು ಹೆಂಡತಿ ಜಯಾಳ ಜೊತೆ ಅಲ್ಲಿಗೆ ಹೋಗಿದ್ದೆ. ಅಂಗಡಿಯೊಂದರ ಪಕ್ಕ ಹಾದು ಹೋಗುವಾಗ ಆ ವಾಸನೆ ಬಡಿಯಿತು. "ಒಂದ್ ಪ್ಲೇಟ್ ತಿನ್ನೋಣ ಬನ್ನಿ" ಎಂದಳು. ಹೊಟ್ಟೆ ಸರಿಯಿಲ್ಲ ಎಂದೆ. ಐವತ್ತು ದಾಟಿದ ಗಂಡಸು ಹೊಟ್ಟೆ ಸರಿಯಿಲ್ಲ ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ವಯಸ್ಸಿನಿಂದ ಆಗಿರುವ ಒಂದೇ ಲಾಭ ಅದು.

ನಿಜ ಬೇರೆ ಇತ್ತು. ಎರಡು ವರ್ಷದ ಹಿಂದೆ, ಚಂಡಮಾರುತದ ಮಳೆಗೆ ಮನೆಬಿಟ್ಟು ಓಡಿದ ದಿನ, ಅದೇ ಅಂಗಡಿಯ ಮುಂದೆ ನಿಂತು ನಾನು ಮೂರು ಪ್ಲೇಟ್ ತಿಂದಿದ್ದೆ. ನಗುತ್ತಾ ತಿಂದಿದ್ದೆ. ಆ ಹೊತ್ತಿನಲ್ಲಿ ನನ್ನ ಸ್ನೇಹಿತ ಕದಿರ್ವೇಲು ಎಲ್ಲಿದ್ದಾನೆ ಎಂದು ಕೇಳಿಕೊಳ್ಳದೆ ತಿಂದಿದ್ದೆ. ಆವತ್ತಿನದನ್ನು ಇದ್ದದ್ದು ಇದ್ದಹಾಗೆ ಬರೆದುಬಿಡೋಣ ಎಂದು ಕೂತಿದ್ದೇನೆ.

ನಾವು ನಾಲ್ವರು ರೈಲಿನ ಸ್ನೇಹಿತರು. ಕೆಜಿಎಫ್‌ನಲ್ಲಿ ಇದೊಂದು ಪ್ರತ್ಯೇಕ ಸಂಬಂಧ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಅದೇ ದಾರಿಯಲ್ಲಿ ಹಿಂದಿರುಗುವವರು ಹೆಂಡತಿ ಮಕ್ಕಳಿಗಿಂತ ಹೆಚ್ಚು ಹೊತ್ತು ಎದುರುಬದುರು ಸೀಟಿನವರ ಮುಖ ನೋಡಿರುತ್ತಾರೆ. ನಾನು ಶ್ರೀನಿವಾಸ, ಬಿಡಿಭಾಗಗಳ ಗೋದಾಮೊಂದರಲ್ಲಿ ಸ್ಟೋರ್ಸ್ ಗುಮಾಸ್ತ. ಮುನಿರಾಜು ಕ್ಯಾಸಂಬಳ್ಳಿ ಕಡೆಯವನು, ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಾನೆ. ಸರಸಕ್ಕ ಗಾರ್ಮೆಂಟ್ಸಿನಲ್ಲಿ ಬಟ್ಟೆ ಚೆಕ್ ಮಾಡುವವರು. ಬಟ್ಟೆಯಲ್ಲಿ ಹುಳುಕು ಹುಡುಕಿ ಹುಡುಕಿ ಮನುಷ್ಯರಲ್ಲೂ ಬೇಗ ಕಂಡುಹಿಡಿಯುತ್ತಾರೆ. ಕದಿರ್ವೇಲು ಒಂದು ಆಫೀಸು ಕಟ್ಟಡದ ಗೇಟಿನ ಗಾರ್ಡ್. ನಾಲ್ವರ ಮನೆಯೂ ಚಾಂಪಿಯನ್ ಸ್ಟೇಷನ್ನಿನ ಹಿಂದೆ, ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೂಲಿಗಳಿಗೆಂದು ಕಟ್ಟಿದ ಸಾಲುಮನೆಗಳಲ್ಲಿ. ಆದರೂ ಒಬ್ಬರ ಮನೆಗೆ ಒಬ್ಬರು ಹೋದದ್ದು ಕಡಿಮೆ. ಭಾನುವಾರ ಎದುರು ಸಿಕ್ಕರೆ ಏನು ಮಾತಾಡಬೇಕೋ ತಿಳಿಯದೆ ನಾಚಿಕೊಳ್ಳುತ್ತಿದ್ದೆವು.

ಕದಿರ ಎಂದೂ ಸಮಯಕ್ಕೆ ಸ್ಟೇಷನ್ನಿಗೆ ಬಂದವನಲ್ಲ. ರೈಲು ಅಲುಗಾಡಿದ ಮೇಲೆ ಎಲ್ಲಿಂದಲೋ ಓಡಿಬಂದು ಕೊನೇ ಬೋಗಿಯ ಕಂಬಿ ಹಿಡಿಯುವನು. ಬಂಗಾರಪೇಟೆಯಲ್ಲಿ ರೈಲು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದಲ್ಲ, ಅಲ್ಲಿ ಇಳಿದು ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದುಬಂದು, ನಾವು ಹಾಕಿಟ್ಟ ಟವೆಲ್ ಎತ್ತಿ ತನ್ನ ಜಾಗದಲ್ಲಿ ಕೂರುವನು. ಮಧ್ಯೆ ಯಾರಾದರೂ "ಕದಿರ ಎಲ್ಲಪ್ಪಾ?" ಎಂದರೆ ಉಳಿದವರ ಬಾಯಿಂದ ಒಂದೇ ಮಾತು: "ಕೊನೇ ಬೋಗಿಗೆ ಹತ್ತಿರ್ತಾನೆ ಬಿಡು." ಹದಿನೆಂಟು ವರ್ಷ ಆ ಮಾತು ಒಂದು ದಿನವೂ ಸುಳ್ಳಾಗಲಿಲ್ಲ. ನಮ್ಮನ್ನು ಕೆಡಿಸಿದ್ದೇ ಅದು.

ಇನ್ನು ನನ್ನ ವಿಷಯ. ನಾನು ಹೆದರುವುದನ್ನು ಕೆಲಸದಂತೆ ಮಾಡುವವನು. ಬಾಗಿಲಿಗೆ ಬೀಗ ಹಾಕಿದ ಮೇಲೆ ಬೀಗವನ್ನು ಮೂರು ಸಲ ಜಗ್ಗುತ್ತೇನೆ. ನಾಲ್ಕನೆಯ ಸಲ ಜಗ್ಗದೆ ಬಂದೆನಲ್ಲ ಎಂದು ರೈಲಿನಲ್ಲಿ ಕೋರಮಂಡಲ್ ಸ್ಟೇಷನ್‌ವರೆಗೆ ಕೊರಗುತ್ತೇನೆ. ಸರಸಕ್ಕ ಒಮ್ಮೆ, "ಸೀನ, ನೀನು ಸತ್ತಾಗ ಚಟ್ಟದ ಮೇಲಿಂದ ಎದ್ದು ಕೂತ್ಕೊಂಡು ಹಗ್ಗ ಗಟ್ಟಿಯಾಗೈತಾ ಅಂತ ನೋಡ್ತೀಯ ಕಣ್ಲಾ" ಎಂದಿದ್ದರು. ಬೋಗಿಯೆಲ್ಲ ನಕ್ಕಿತ್ತು. ನಾನೂ ನಕ್ಕೆ, ಮತ್ತೆ ಹಗ್ಗದ ಬಗ್ಗೆ ಸ್ವಲ್ಪ ಯೋಚಿಸಿದೆ.

ಆ ವರ್ಷ ಕಾರ್ತೀಕ ಕಳೆಯುವ ಹೊತ್ತಿಗೆ ಮದ್ರಾಸಿನ ಕಡೆ ಚಂಡಮಾರುತ ಎಂದು ಟೀವಿಯಲ್ಲಿ ಬಂತು. ಸಮುದ್ರ ನಮ್ಮಿಂದ ನೂರೈವತ್ತು ಮೈಲಿಯಾಚೆ. ಆದರೆ ಅಲ್ಲಿ ಗಾಳಿಯೆದ್ದರೆ ನಮ್ಮಲ್ಲಿ ಮಳೆ. ಜಡಿಮಳೆ ಮೊದಲ ದಿನ ಹಿತವಾಗಿತ್ತು. ಎರಡನೆಯ ದಿನ ಗೋಡೆಗಳು ಬೆವರಿದವು. ಮೂರನೆಯ ದಿನ ರೈಲು ರದ್ದಾಯಿತು. ನಮ್ಮ ಸಾಲುಮನೆಗಳ ಹಿಂದೆ ಸೈನೈಡ್ ದಿಬ್ಬ. ಗಣಿಯಿಂದ ತೆಗೆದ ಕಲ್ಲನ್ನು ಅರೆದು, ಚಿನ್ನ ಬಸಿದುಕೊಂಡು ಬಿಸಾಕಿದ ಹಿಟ್ಟಿನಂಥ ಮಣ್ಣಿನ ಗುಡ್ಡ ಅದು. ಮಳೆಗೆ ಅದರ ಮೈಯೆಲ್ಲ ಕೊರಕಲು ಬಿದ್ದು, ಬೂದುಬಣ್ಣದ ಕೆಸರು ಚರಂಡಿಗಳಿಗೆ ಇಳಿದು ಕಟ್ಟಿಕೊಂಡಿತು. ದಿಬ್ಬದ ಪಕ್ಕದಲ್ಲಿ ಒಂದು ಹಳೆಯ ಕುಂಟೆ, ಸಣ್ಣ ಕೆರೆ. ಅದರ ಏರಿ ಜಿನುಗುತ್ತಿದೆ ಎಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಸುದ್ದಿ ಹರಡಿತು. ಆಟೋಗೆ ಮೈಕು ಕಟ್ಟಿಕೊಂಡು ಬಂದು, ಕೆಳಗಿನ ಸಾಲಿನವರೆಲ್ಲ ಈಗಲೇ ಮನೆ ಖಾಲಿ ಮಾಡಿ, ಆಂಡರ್ಸನ್‌ಪೇಟೆಯ ಸ್ಕೂಲಿನಲ್ಲಿ ವ್ಯವಸ್ಥೆಯಿದೆ ಎಂದು ಕೂಗಿದರು.

ಅದಕ್ಕೆ ಮೊದಲೇ ನಾನು ಮೂರು ಚೀಲ ಕಟ್ಟಿಟ್ಟಿದ್ದೆ. ಜಯಾ ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಮುಳಬಾಗಿಲಿಗೆ ಹೋಗಿ ಮಳೆಗೆ ಅಲ್ಲೇ ಸಿಕ್ಕಿಕೊಂಡಿದ್ದಳು. ಫೋನಿನಲ್ಲಿ, "ಮೇನ್ ಆಫ್ ಮಾಡಿ, ಗ್ಯಾಸ್ ಆಫ್ ಮಾಡಿ, ಮೊದ್ಲು ಮನೆ ಬಿಟ್ ಹೊರಡಿ" ಎಂದಳು. ಎರಡನ್ನೂ ಆಫ್ ಮಾಡಿದೆ. ಮಾಡಿದ್ದು ಈಗ ಗೊತ್ತು.

ಮುನಿರಾಜು ಅಣ್ಣನ ಜೊತೆ ಪಾಲಿನಲ್ಲಿ ಹಳೆಯ ಓಮ್ನಿ ಇಟ್ಟುಕೊಂಡಿದ್ದ. ಅದನ್ನು ಮೇಲಿನ ರಸ್ತೆಗೆ ತಂದು ನಿಲ್ಲಿಸಿ, "ಬರ್ರೀ, ಸ್ಕೂಲ್‌ನಾಗೆ ಯಾರ್ ಮಲಗ್ತಾರೆ, ನಮ್ಮೂರ್ಗೇ ಓಗ್ಬಿಡಾಣ" ಎಂದು ಹಾರ್ನ್ ಹೊಡೆದ. ಸರಸಕ್ಕ ಕುಕ್ಕರ್ ಸಮೇತ ಬಂದರು. ಪಕ್ಕದಲ್ಲಿ ಒಂದು ಟೆಂಪೋ, ಸಾಲಿನ ಹೆಂಗಸರು ಮಕ್ಕಳನ್ನು ಸ್ಕೂಲಿಗೆ ಸಾಗಿಸಲು. ಕದಿರ ತನ್ನ ಹೆಂಡತಿ ಸೆಲ್ವಿಯನ್ನೂ ಮಗಳನ್ನೂ ಅದಕ್ಕೆ ಹತ್ತಿಸಿ, "ನಾನ್ ಇವರ್ ಜತೆ ಓಮ್ನೀಲಿ ಬತ್ತೀನಿ" ಎಂದು ಅವಳಿಗೆ ಹೇಳಿ ನಮ್ಮ ಕಡೆ ಬಂದ. ಅವನು ಅಷ್ಟು ಹೇಳಿದ್ದು ನಮಗಾರಿಗೂ ಕೇಳಿಸಿರಲಿಲ್ಲ.

ನಾನು ಓಮ್ನಿಯ ಕಿಟಕಿಯ ಪಕ್ಕ ಕೂತಿದ್ದೆ. ಕೂತ ತಕ್ಷಣ ಅನುಮಾನ ಬಂತು: ರೆಗ್ಯುಲೇಟರ್ ತಿರುಗಿಸಿದೆನೋ ಇಲ್ಲವೋ. ಇಳಿಯಲು ಹೋದೆ. "ಸೀನಣ್ಣೋ, ಈಗ ಇಳಿದ್ರೆ ಬುಟ್ಟೋಗ್ತೀನಿ" ಎಂದು ಮುನಿರಾಜು ಗಾಜು ಒರೆಸುತ್ತಾ ಗದರಿದ. ಕಿಟಕಿಯ ಹೊರಗೆ ಕದಿರ ಕೊಡೆ ಹಿಡಿದು ನಿಂತಿದ್ದ.

"ಕದಿರ, ನಮ್ಮನೆ ಗ್ಯಾಸ್ ಒಂದ್ಸಲ ನೋಡ್ಬಿಟ್ ಬರ್ತೀಯಾ? ಎರಡೇ ನಿಮಿಷ" ಎಂದೆ.

"ಪೋಡಾ, ಊರೇ ಮುಳುಗ್ತಾ ಐತೆ, ಇವನ್ದೊಂದು ಗ್ಯಾಸು" ಎಂದು ನಕ್ಕ. ನಾನು ಕಿಟಕಿಯಿಂದ ಎಸೆದ ಬೀಗದಕೈಯನ್ನು ಎಡಗೈಯಲ್ಲಿ ಹಿಡಿದು ಇಳಿಜಾರಿನಲ್ಲಿ ಹೋದ. ನನ್ನ ಮನೆ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ಕೊನೆಯದು. ಸರಸಕ್ಕ ಹಿಂದೆ ಕುಕ್ಕರಿಗೆ ಜಾಗ ಮಾಡುತ್ತಿದ್ದರು. ಯಾರೂ ನೋಡಲಿಲ್ಲ.

ಅಷ್ಟರಲ್ಲಿ ಪೊಲೀಸರೊಬ್ಬರು ಓಮ್ನಿಯ ಬೆನ್ನಿಗೆ ದಬದಬ ಬಡಿದು, "ಯಾಕ್ರೀ ನಿಂತಿದೀರಾ, ಹೊರಡ್ರಿ" ಎಂದರು. ಗಾಡಿ ಹೊರಟಿತು. ತಿರುವಿನಲ್ಲಿ ಸರಸಕ್ಕ ಕೇಳಿದರು: "ಕದಿರ ಎಲ್ಲಪ್ಪಾ?"

"ಟೆಂಪೋ ಐತಲ್ಲಕ್ಕಾ, ಕೊನೇ ಬೋಗಿ" ಎಂದ ಮುನಿರಾಜು. ಮೂವರೂ ನಕ್ಕೆವು. ಮೂವರೂ ಎಂದರೆ ನಾನೂ ಸೇರಿ. ಅವನು ಕೀ ಹಿಡಿದು ಕೆಳಕ್ಕೆ ಹೋದದ್ದನ್ನು ಕಣ್ಣಾರೆ ಕಂಡಿದ್ದ ನಾನು, ನೋಡಿ ಬಂದು ಟೆಂಪೋಗೆ ಓಡಿ ಹತ್ತಿರುತ್ತಾನೆ ಎಂದುಕೊಂಡೆ. ಎಂದುಕೊಂಡೆ ಎನ್ನುವುದೂ ದೊಡ್ಡ ಮಾತು. ಓಡಿ ಹತ್ತುವುದು ಅವನ ಸ್ವಭಾವ ಎಂದು ನನ್ನ ಮೈಗೆ ಗೊತ್ತಿತ್ತು, ತಲೆಯವರೆಗೆ ಆ ಪ್ರಶ್ನೆ ಬರಲೇ ಇಲ್ಲ.

ಕ್ಯಾಸಂಬಳ್ಳಿಯ ರಸ್ತೆಯಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ನೀರು ರಸ್ತೆ ದಾಟುತ್ತಿತ್ತು. ಎದುರಿನಿಂದ ಬಂದ ಹಾಲಿನ ಗಾಡಿಯವನು ಕೈಯಾಡಿಸಿ, "ವದ್ದು ಅಣ್ಣಾ, ಪೋಲೇವು" ಎಂದು ತೆಲುಗಿನಲ್ಲಿ ಕೂಗಿದ. ಮುನಿರಾಜು ಗಾಡಿ ತಿರುಗಿಸಿದ. "ಎಲ್ಲಿಗೆ?" ಎಂದೆ. "ಇನ್ನೆಲ್ಲಿಗೆ, ಬಂಗಾರಪೇಟೆಗೆ" ಎಂದ, ರೈಲಿಗೆ ಬೇರೆ ದಾರಿಯೇ ಇಲ್ಲ ಎನ್ನುವಂತೆ.

ಹೇಳಲು ನಾಚಿಕೆಯಾಗುತ್ತದೆ: ಅಲ್ಲಿಂದ ಮುಂದಿನ ಎರಡು ಗಂಟೆ ನನ್ನ ಬದುಕಿನ ಸಂತೋಷದ ಹೊತ್ತುಗಳಲ್ಲಿ ಒಂದು. ಕೆಲಸವಿಲ್ಲ, ಹಾಜರಿಯಿಲ್ಲ, ಮನೆಗೆ ಹೋಗುವಂತಿಲ್ಲ. ಸರಸಕ್ಕ ಕಿಟಕಿಯಿಂದ ಕೈ ಹೊರಗಿಟ್ಟು ಮಳೆ ಹಿಡಿದರು. ರೈಲಿನಲ್ಲಿ ಸದಾ ಕೂತೇ ನೋಡಿದ್ದ ಅವರು ಬಂಗಾರಪೇಟೆಯಲ್ಲಿ ಗಾಡಿಯಿಂದಿಳಿದು ಪಕ್ಕದಲ್ಲಿ ನಿಂತಾಗ ನನಗಿಂತ ಎರಡು ಬೆರಳು ಎತ್ತರವಿದ್ದರು. ಹದಿನೆಂಟು ವರ್ಷದಲ್ಲಿ ಅದು ನನಗೆ ಗೊತ್ತೇ ಇರಲಿಲ್ಲ. ಅರ್ಧ ಶಟರ್ ಎತ್ತಿದ್ದ ಅಂಗಡಿಯ ಮುಂದೆ ತಗಡಿನ ಕೆಳಗೆ ನಿಂತು ಪಾನಿಪುರಿ ತಿಂದೆವು. ಖಾರಕ್ಕೆ ಮುನಿರಾಜು ಕಣ್ಣಲ್ಲಿ ನೀರು ಬಂದು, "ಮನೆ ಬುಟ್ ಬಂದಿದ್ಕೆ ಅಳ್ತಾ ಇವ್ನಿ ಅಂತ ತಿಳ್ಕೊಳ್ಳಿ" ಎಂದ.

ಮೂರನೆಯ ಪ್ಲೇಟಿನ ಮಧ್ಯೆ ನಾನು ರಸ್ತೆಯ ಕಡೆ ನೋಡಿ, "ಟೆಂಪೋ ಇನ್ನೂ ಬರ್ಲಿಲ್ವಲ್ಲ" ಎಂದೆ.

"ಬತ್ತದೆ ಬಿಡು. ಅಲ್ಲೀಗಂಟ ನೀನ್ ತಿನ್ನು" ಎಂದರು ಸರಸಕ್ಕ.

ಟೆಂಪೋ ಬಂಗಾರಪೇಟೆಗೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅದು ಆಂಡರ್ಸನ್‌ಪೇಟೆಯ ಸ್ಕೂಲಿಗೆ ಹೋಗುವ ಟೆಂಪೋ. ಮೂವರಿಗೂ ಅದು ಗೊತ್ತು. ಆದರೆ ನಮ್ಮ ಲೆಕ್ಕದಲ್ಲಿ ಕೆಜಿಎಫ್‌ನಿಂದ ಹೊರಟದ್ದೆಲ್ಲ ಬಂಗಾರಪೇಟೆಗೆ ಬಂದು ನಿಲ್ಲಬೇಕು, ಹಿಂದಿನ ಬೋಗಿಯವರು ಇಳಿದು ಮುಂದಕ್ಕೆ ನಡೆದುಬರಬೇಕು. ನಡೆದುಬರುವವನಿಗೆ ಜಾಗ ಹಿಡಿದಂತೆ ಓಮ್ನಿಯ ಹಿಂದಿನ ಸೀಟಿನಲ್ಲಿ ಸರಸಕ್ಕ ತಮ್ಮ ಟವೆಲ್ ಹಾಕಿದ್ದರು. ಇನ್ನೊಂದು ಕಾಲು ಗಂಟೆ ಕಾದು, "ಅವ್ರು ಮುಂದಕ್ಕೋಗಿರ್ತಾರೆ" ಎಂದು ನಾವೇ ತೀರ್ಮಾನಿಸಿ ಹೊರಟೆವು. ಮುನಿರಾಜುವಿನ ಅಕ್ಕನನ್ನು ಕಾಮಸಮುದ್ರದಲ್ಲಿ ಕೊಟ್ಟಿತ್ತು, ಅಲ್ಲಿಗೆ ಎಂದಾಯಿತು.

ಕಾಮಸಮುದ್ರದ ದಾರಿಯಲ್ಲಿ ಒಂದು ಕೆರೆ ಕೋಡಿ ಬಿದ್ದಿತ್ತು. ಎಷ್ಟೋ ವರ್ಷದಿಂದ ಬರಿದಾಗಿದ್ದ ಕೆರೆಯಂತೆ. ಊರಿನವರೆಲ್ಲ ಗೋಣಿಚೀಲ ತಲೆಗೆ ಹಾಕಿಕೊಂಡು ಬಂದು, ಕೋಡಿಯ ನೀರಿಗೆ ಅಡ್ಡಲಾಗಿ ಸೀರೆ ಹಿಡಿದು ಮೀನು ಹಿಡಿಯುತ್ತಿದ್ದರು. ಮುನಿರಾಜು ಗಾಡಿ ನಿಲ್ಲಿಸಿ ಪ್ಯಾಂಟು ಮಡಚಿ ನೀರಿಗಿಳಿದೇಬಿಟ್ಟ. ಸರಸಕ್ಕ ಕುಕ್ಕರ್ ತೆಗೆದು, "ಇದ್ರಾಗೆ ಹಾಕ್ರಪ್ಪೋ" ಎಂದು ದಡದಲ್ಲಿ ನಿಂತರು. ನಾನು ಜಾರಿಬಿದ್ದೀರಾ ಎಂದು ಎಲ್ಲರಿಗೂ ಎಚ್ಚರಿಸುತ್ತಾ ಚಪ್ಪಲಿ ಕೈಯಲ್ಲಿ ಹಿಡಿದು ನಗುತ್ತಿದ್ದೆ. ಆಗ ನನ್ನ ಫೋನ್ ಬಡಿದುಕೊಂಡಿತು. ಸೆಲ್ವಿ.

"ಅಣ್ಣಾ, ಅವರ್ಗೆ ಫೋನ್ ಕೊಡಿ. ಅವರ್ದು ಸ್ವಿಚ್ ಆಫ್ ಬತ್ತಾ ಐತೆ. ಶುಗರ್ ಮಾತ್ರೆ ನನ್ ಬ್ಯಾಗ್‌ನಾಗೇ ಉಳ್ಕೊಂಡೈತೆ. ಊಟ ಮಾಡಿದ್ರಾ?"

"ಕದಿರ ನಿನ್ ಜೊತೆ ಇಲ್ವಾಮ್ಮಾ?"

ಆ ಕಡೆ ಸ್ಕೂಲಿನ ಗಲಾಟೆ ಮಾತ್ರ ಕೇಳಿಸಿತು. ಆಮೇಲೆ, "ನಿಮ್ ಜತೆ ಓಮ್ನೀಲಿ ಬತ್ತೀನಿ ಅಂದ್ರಲ್ಲಣ್ಣಾ" ಎಂದಳು. "ಅಲ್ಲಿ ಏರಿ ಒಡೆದೋಯ್ತು ಅಂತಾ ಅವ್ರೆ. ಕೆಳಗಿನ ಸಾಲೆಲ್ಲಾ ನೀರಂತೆ. ನಮ್ಮನೆ ಬೀಗ ನಾನೇ ಹಾಕಿದ್ದು. ಇವ್ರು ಎಲ್ಲಿಗೋದ್ರಣ್ಣಾ?"

"ಗೊತ್ತಿಲ್ಲಮ್ಮಾ" ಎಂದೆ.

ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿತ್ತು. ಏರಿ ಯಾವಾಗ ಒಡೆಯಿತು ಎಂದು ಕೇಳಿದೆ. ಒಂದೂವರೆ ಗಂಟೆ ಆಯಿತಂತೆ. ನಾವು ಬಂಗಾರಪೇಟೆಯಲ್ಲಿ ತಗಡಿನ ಕೆಳಗೆ ನಿಂತಿದ್ದ ಹೊತ್ತು.

ಮೀನನ್ನು ನೀರಿಗೆ ಸುರಿದು ಗಾಡಿ ಹತ್ತಿದೆವು. ಮುನಿರಾಜು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ: "ನಾನೇ ಅಂದೆ, ಟೆಂಪೋ ಐತಲ್ಲಾ ಅಂತ ನಾನೇ ಅಂದೆ." ಅವನನ್ನು ಸುಮ್ಮನಿರಿಸಲು ನನ್ನ ಬಳಿ ಒಂದು ವಾಕ್ಯವಿತ್ತು. ಅದನ್ನು ನುಂಗಿಕೊಂಡು ಕೂತೆ. ಸರಸಕ್ಕ ಹಿಂದಿನ ಸೀಟಿನ ಟವೆಲನ್ನು ಎತ್ತಿ ಮಡಚಿ ತೊಡೆಯ ಮೇಲಿಟ್ಟುಕೊಂಡರು.

ಬಂಗಾರಪೇಟೆ ದಾಟಿ ಕೆಜಿಎಫ್ ಕಡೆ ಸಾಗಿದರೆ, ಕೋರಮಂಡಲ್‌ಗೆ ಸ್ವಲ್ಪ ಮೊದಲು ತಗ್ಗಿನ ಸೇತುವೆಯ ಮೇಲೆ ನೀರು. ಬ್ಯಾರಿಕೇಡ್ ಹಾಕಿ ಒಬ್ಬ ಕಾನ್‌ಸ್ಟೆಬಲ್ ನಿಂತಿದ್ದರು. ಸರಸಕ್ಕ ಇಳಿದು ಕೈಮುಗಿದರು, ಬೈದರು, ಮತ್ತೆ ಕೈಮುಗಿದರು. ಆ ಮನುಷ್ಯ ವೈರ್‌ಲೆಸ್ಸಿನಲ್ಲಿ ಚಾಂಪಿಯನ್ ಹಿಂದಿನ ಸಾಲುಮನೆಗಳಲ್ಲಿ ಒಬ್ಬರು ಸಿಕ್ಕಿಕೊಂಡಿರಬಹುದು ಎಂದು ಹೇಳಿಯೂ ಹೇಳಿದರು. ಆದರೆ ಗಾಡಿ ಬಿಡಲಿಲ್ಲ. ಆಗ ನಮಗೆ ಕಂಡದ್ದು ರೈಲಿನ ದಾರಿ. ಏರಿಯ ಮೇಲೆ ಹಾಕಿದ ಹಳಿ, ನೀರಿಗಿಂತ ಆಳೆತ್ತರ ಮೇಲಿತ್ತು.

"ಅಕ್ಕಾ, ನೀವ್ ಗಾಡೀಲೇ ಇರಿ" ಎಂದೆ.

"ಸುಮ್ಕೆ ನಡಿಯಲಾ. ನಾನೇನ್ ಉಪ್ಪಿನ್ ಮೂಟೆಯಾ ಕರಗೋಕೆ?"

ಹಳಿಯ ಮೇಲೆ ನಡೆದೆವು. ಕಿಟಕಿಯಿಂದ ಸಾವಿರಾರು ಸಲ ನೋಡಿದ ದಾರಿ. ಯಾವ ಕಂಬದ ಹತ್ತಿರ ಮೊಬೈಲ್ ಸಿಗ್ನಲ್ ಹೋಗುತ್ತದೆ, ಯಾವ ಬೇಲಿಯಲ್ಲಿ ಯಾರು ಬಟ್ಟೆ ಒಣಗಿಸುತ್ತಾರೆ ಎಲ್ಲ ಗೊತ್ತು. ಕಾಲಿಗೆ ಮಾತ್ರ ಅದು ಹೊಸದು. ಸ್ಲೀಪರಿನಿಂದ ಸ್ಲೀಪರಿಗೆ ಹೆಜ್ಜೆ ಕೂಡುತ್ತಿರಲಿಲ್ಲ. ಅಂದು ರೈಲಿಲ್ಲವೆಂದು ಊರಿಗೆಲ್ಲ ಗೊತ್ತಿದ್ದರೂ ನಾನು ಎರಡು ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತಿದ್ದೆ. ಮುನಿರಾಜುವಿಗೆ ತಡೆಯಲಾಗಲಿಲ್ಲ. "ಬರಲ್ಲ ನಡೀ ಸೀನಣ್ಣಾ! ಅವನು ಅಲ್ಲಿ ಏನಾಗವ್ನೋ, ನಿಂಗೆ ನಿನ್ ಜೀವದ ಚಿಂತೆ!" ಎಂದ. ಹದಿನೆಂಟು ವರ್ಷದಲ್ಲಿ ಅವನು ನನ್ನ ಮೇಲೆ ದನಿಯೆತ್ತಿದ್ದು ಅದೇ ಮೊದಲು.

ಊರಿಗಾಂ ಸ್ಟೇಷನ್ ದಾಟಿದ ಮೇಲೆ ಅವನೇ ಕೇಳಿದ: "ಅವನ್ ಮನೆ ಮೇಲಿನ್ ಸಾಲು. ಅಲ್ಲಿಗೆ ನೀರ್ ಬರಲ್ಲ. ಬೀಗಾನೂ ಸೆಲ್ವಿನೇ ಹಾಕವಳೆ. ಮತ್ತೆ ಎಲ್ಲೀಂತ ಉಡುಕೋದು?"

ಇನ್ನು ಬಾಯಿ ಬಿಡದಿದ್ದರೆ ಅವರು ತಪ್ಪು ಜಾಗದಲ್ಲಿ ಹುಡುಕುತ್ತಾರೆ. "ಮೊದ್ಲು ನಮ್ಮನೆ ಕಡೆ ನೋಡೋಣ" ಎಂದೆ.

"ನಿಮ್ಮನೆಗ್ಯಾಕೆ?" ಎಂದರು ಸರಸಕ್ಕ.

"ನಮ್ಮನೆ ಕೀ ಅವನ ಹತ್ರ ಇತ್ತು."

ಸುಳ್ಳಲ್ಲ ಅದು. ನಾನು ಸುಳ್ಳು ಹೇಳುವವನಲ್ಲ. ಪೂರ್ತಿ ಹೇಳದವನು ಅಷ್ಟೆ. ಸರಸಕ್ಕ ನನ್ನ ಮುಖವನ್ನು, ಬಟ್ಟೆಯ ಹೊಲಿಗೆ ನೋಡುವಂತೆ, ಒಂದು ಕ್ಷಣ ನೋಡಿ ಮುಂದಕ್ಕೆ ನಡೆದರು.

ಚಾಂಪಿಯನ್ ಸ್ಟೇಷನ್ನಿನ ಹಿಂದೆ ಇಳಿದಾಗ ಸಂಜೆ ನಾಲ್ಕೂವರೆ. ಮೂರು ಸಾಲು ಮನೆಗಳಲ್ಲಿ ಕೊನೆಯ ಸಾಲಿನ ಹೆಂಚೂ ಕಿಟಕಿಗಳ ಮೇಲರ್ಧವೂ ಮಾತ್ರ ಕಾಣುತ್ತಿದ್ದವು. ನೀರಲ್ಲ ಅದು, ಬೂದುಬಣ್ಣದ ಅಂಬಲಿ. ಅದರ ಮೇಲೆ ಚಪ್ಪಲಿಗಳು, ಪ್ಲಾಸ್ಟಿಕ್ ಕುರ್ಚಿ, ಯಾರದೋ ತುಳಸಿಯ ಡಬ್ಬ ತೇಲುತ್ತಿದ್ದವು. ಮುನಿರಾಜು ಬಾಯಿಗೆ ಕೈಯಿಟ್ಟು ಕೂಗಿದ, "ಕದಿರೋ! ಲೇ ಕದಿರೋ!" ಉತ್ತರವಿಲ್ಲ. ಸಾವಿರ ಸಲ ಏನೇನೋ ಆಗಿಬಿಟ್ಟರೆ ಎಂದು ಹೆದರಿದ್ದೇನಲ್ಲ, ನಿಜವಾಗಿ ಆದಾಗ ಅದು ಹೆದರಿಕೆಯಂತೆ ಇರಲೇ ಇಲ್ಲ. ಕಿವಿ ಮಂದವಾಯಿತು, ಅಷ್ಟೆ.

ನೋಡಿದ್ದು ಸರಸಕ್ಕ. ಸಾಲಿನ ಮೂಲೆಯಲ್ಲಿ ನಾಲ್ಕು ಕಂಬಗಳ ಮೇಲೆ ನೀರಿನ ಸಿಂಟೆಕ್ಸ್ ಇಟ್ಟ ಕಟ್ಟೆ. ಕಪ್ಪು ಟ್ಯಾಂಕಿಗೆ ಒರಗಿಕೊಂಡು, ಮೊಣಕಾಲು ಎದೆಗೆ ಕಟ್ಟಿಕೊಂಡು ಬೂದುಬಣ್ಣದ ಒಂದು ಆಕಾರ ಕೂತಿತ್ತು. ನಾವು ಅದನ್ನು ಯಾವುದೋ ಮೂಟೆ ಎಂದು ದಾಟಿದ್ದೆವು. ಮೂಟೆ ಕೈಯೆತ್ತಿತು.

ನಮ್ಮ ಕೂಗು ಕೇಳಿ ಹಗ್ಗ ತಂದ ಮೇಲಿನ ಸಾಲಿನ ಇಬ್ಬರು ಮತ್ತು ಮುನಿರಾಜು ಎದೆಯುದ್ದ ಕೆಸರಿನಲ್ಲಿ ಹೋದರು. ಈಜು ಬರದ ನಾನೂ ಹಗ್ಗ ಹಿಡಿದು ಹೋದೆ. ಅದು ಧೈರ್ಯವಲ್ಲ, ದಡದಲ್ಲಿ ಸರಸಕ್ಕನ ಪಕ್ಕ ನಿಲ್ಲುವುದು ಇನ್ನೂ ಕಷ್ಟವಾಗಿತ್ತು. ಕದಿರನ ಎಡಪಾದ, ನಮ್ಮ ಮನೆಯಿಂದ ಹೊರಬರುವಾಗಲೇ ಕೆಸರಿನೊಳಗಿನ ತಗಡಿಗೆ ಸಿಕ್ಕಿ ಆಳವಾಗಿ ಸೀಳಿತ್ತು; ಏರಿ ಒಡೆಯುವ ಮೊದಲು ಇಳಿಜಾರು ಹತ್ತಲು ಅವನಿಗೆ ಆಗಿರಲಿಲ್ಲ. ಅದಕ್ಕೆ ಅಂಗಿ ಹರಿದು ಕಟ್ಟಿಕೊಂಡಿದ್ದ. ತುಟಿ ನೀಲಿಯಾಗಿತ್ತು. ಹೊರಲು ನಾನು ಅವನ ಕಂಕುಳಿಗೆ ಕೈ ಕೊಟ್ಟಾಗ ನನ್ನ ಕಿವಿಗೆ ಮಾತ್ರ ಕೇಳುವಂತೆ ಹೇಳಿದ:

"ಆಫ್ ಆಗೇ ಇತ್ತು ಡಾ."

ದಡಕ್ಕೆ ತಂದು ಮಲಗಿಸಿದಾಗ ಮುನಿರಾಜು ಅಳುತ್ತಾ ಬೈದ. "ಯಾಕ್ಲಾ ವಾಪಸ್ ಓದೆ ಬೇವರ್ಸಿ? ಏನ್ ಗಂಟಿತ್ತು ಅಲ್ಲಿ?"

ಕದಿರ ನನ್ನ ಕಡೆ ನೋಡದೆ, "ಕನ್ನಡ್ಕ ಮರ್ತಿದ್ದೆ" ಎಂದ.

"ಮೂತಿ ಮ್ಯಾಲೇ ಐತಲ್ಲೋ ಕನ್ನಡ್ಕ!"

"ಅದಕ್ಕೇ ಓದ್ನಲ್ಲ, ತಂದೆ" ಎಂದ. ಹಲ್ಲು ಕಟಕಟ ಎನ್ನುತ್ತಿತ್ತು. ಎಲ್ಲರೂ ಅಳುತ್ತಲೇ ನಕ್ಕರು. ಆಗಲೂ ನಾನು ಹೇಳಲಿಲ್ಲ.

ಗಾಯ ಬೇಗ ಮಾಯಲಿಲ್ಲ. ಸಕ್ಕರೆ ಕಾಯಿಲೆಯ ಕಾಲು, ದಿಬ್ಬದ ಕೆಸರು. ಒಂದು ತಿಂಗಳು ಆಸ್ಪತ್ರೆ; ಎರಡು ಬೆರಳು ತೆಗೆದರು. ನಾನು ದಿನ ಬಿಟ್ಟು ದಿನ ಹೋಗಿ ಬೆಂಚಿನಲ್ಲಿ ಕೂರುತ್ತಿದ್ದೆ. ಸ್ನೇಹಿತ ಎಂದರೆ ಹೀಗಿರಬೇಕು ಎಂದು ಪಕ್ಕದ ಹಾಸಿಗೆಯವರು ಹೊಗಳಿದರು. ಸೆಲ್ವಿ ಪ್ರತಿ ಸಲವೂ, "ಅಣ್ಣಾ, ನೀವ್ ಇಲ್ದಿದ್ರೆ ನಾನೇನ್ ಮಾಡ್ತಿದ್ದೆ" ಎಂದು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಿದ್ದಳು. ಅಷ್ಟು ಕಹಿಯಾದ ಕಾಫಿಯನ್ನು ನಾನು ಕುಡಿದಿಲ್ಲ. ಸಕ್ಕರೆ ಸರಿಯಾಗಿಯೇ ಇರುತ್ತಿತ್ತು.

ಕದಿರ ಮತ್ತೆ ಕೆಲಸಕ್ಕೆ ಹೊರಟ ಮೊದಲ ದಿನ, ರೈಲು ಬರುವ ಇಪ್ಪತ್ತು ನಿಮಿಷ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದ. ಇನ್ನು ಓಡಲಾಗುವುದಿಲ್ಲವಲ್ಲ. ನಮ್ಮ ಬೋಗಿಗೆ ಮೊದಲು ಹತ್ತಿದವನು ಅವನೇ. "ಮಳೆ ಒಂದ್ ಒಳ್ಳೇದ್ ಮಾಡ್ತು, ಇವನ್ಗೆ ಟೈಮ್ ಕಲಿಸ್ತು" ಎಂದು ಮುನಿರಾಜು ತಮಾಷೆ ಮಾಡಿದ. ಕದಿರ ನಕ್ಕ. ಸರಸಕ್ಕ ಚಿತ್ರಾನ್ನದ ಡಬ್ಬಿ ತೆರೆದರು. ಕೋರಮಂಡಲ್ ದಾಟಿತು. ಅವನು ಚಪ್ಪಲಿ ಬಿಚ್ಚಿ ಎಡಪಾದವನ್ನು ನೀವಿಕೊಳ್ಳುವುದನ್ನು ನೋಡಿದೆ. ಬಾಯಿ ತಾನಾಗಿ ತೆರೆಯಿತು.

"ನಾನೇ ಕಳಿಸಿದ್ದು" ಎಂದೆ. "ಕನ್ನಡ್ಕ ಅಲ್ಲ. ಗ್ಯಾಸ್ ನೋಡ್ಕೊಂಡ್ ಬಾ ಅಂತ ಕೀ ಕೊಟ್ಟು ನಾನೇ ಕಳಿಸ್ದೆ. ಸೆಲ್ವಿ ಫೋನ್ ಮಾಡ್ದಾಗ ಗೊತ್ತಿಲ್ಲ ಅಂದೆ. ಗೊತ್ತಿತ್ತು."

ಮುನಿರಾಜು "ಥೂ" ಎಂದು ಎದ್ದು ಬಾಗಿಲಿಗೆ ಹೋಗಿ ನಿಂತ. ಎರಡು ತಿಂಗಳು ಅವನು ತನ್ನ ಒಂದು ಮಾತಿಗೆ ನಿದ್ದೆಗೆಟ್ಟಿದ್ದನ್ನು ನಾನು ನೋಡುತ್ತಲೇ ಇದ್ದೆನಲ್ಲ. ಸರಸಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದರು. ಮುಂದೆ ಒಂದು ತಿಂಗಳು ಅವರು ನನ್ನೊಂದಿಗೆ ಮಾತಾಡಲಿಲ್ಲ. ಚಿತ್ರಾನ್ನ ಮಾತ್ರ, "ಅವನ್ಗೂ ಕೊಡು" ಎಂದು ಬೇರೆಯವರ ಕೈಯಲ್ಲಿ ದಾಟಿಸುತ್ತಿದ್ದರು.

ಕದಿರ ಪಾದ ನೀವುವುದನ್ನು ನಿಲ್ಲಿಸಲಿಲ್ಲ. ಕೋಪವಿಲ್ಲದ ದನಿಯಲ್ಲಿ ಹೇಳಿದ: "ಕಳ್ಸಿದ್ದು ಬುಡು ಸೀನು. ನೀ ಕಳ್ಸಿದೆ, ನಾನೂ ಓದೆ. ಸೆಲ್ವಿಗ್ ಸುಳ್ಳೇಳಿದ್ದೂ ಬುಡು, ಎದ್ರಿಕೆ. ಆದ್ರೆ ನೀನು ಎಲ್ಲಾದ್ಕೂ ಎದರ್ಕೊಳ್ಳೋನು. ಹಲ್ಲಿ ಲೊಚಗುಟ್ಟಿದ್ರೆ ಎದರ್ತೀಯ, ಹಾಲ್ ಒಡೆದ್ರೆ ಎದರ್ತೀಯ. ಬಂಗಾರಪೇಟೆಗಂಟ ಓದ್ಯಲ್ಲ, ತಿಂದ್ಯಲ್ಲ, ಮೀನ್ ನೋಡ್ದ್ಯಲ್ಲ. ನನ್ ಬಗ್ಗೆ ಒಂದ್ಸಲಾನಾದ್ರೂ ಯಾಕ್ಲಾ ಎದ್ರಿಕೆ ಆಗ್ಲಿಲ್ಲ ನಿಂಗೆ?"

ಬೀಗ, ಗ್ಯಾಸು, ಕಾಗದಪತ್ರ ಕಳೆದುಹೋಗುವ ವಸ್ತುಗಳು ಎಂದು ಗೊತ್ತಿತ್ತು; ಅವನು ಇರುತ್ತಾನೆ ಎಂದುಕೊಂಡಿದ್ದೆ. ಇದನ್ನು ಉತ್ತರ ಎಂದು ಅವನ ಮುಂದೆ ಇಡಲು ನನಗೆ ಮುಖವಿಲ್ಲ. ಸೆಲ್ವಿಗೂ ಇನ್ನೂ ಹೇಳಿಲ್ಲ. ಅವಳು ಓದುವುದು ತಮಿಳು. ಮಗಳು ಕನ್ನಡ ಶಾಲೆಯಲ್ಲಿ ಓದಿದವಳು. ಈ ಬರಹ ಅಚ್ಚಾದರೆ ಅವಳೇ ಅಮ್ಮನಿಗೆ ಓದಿ ಹೇಳುತ್ತಾಳೆ. ಅದಕ್ಕೆ ಮೊದಲು ನಾನೇ ಹೋಗಬೇಕು.

ಆವತ್ತಿನಿಂದ ಒಂದು ಅಭ್ಯಾಸವಾಗಿದೆ. ಮೋಡ ಕಟ್ಟಿದರೆ ಕದಿರನಿಗೆ ಫೋನ್ ಮಾಡುತ್ತೇನೆ. ನಾವೀಗ ಆಂಡರ್ಸನ್‌ಪೇಟೆಯ ಎತ್ತರದಲ್ಲಿ ಬಾಡಿಗೆಗೆ ಇದ್ದೇವೆ, ಅವನು ಅದೇ ಮೇಲಿನ ಸಾಲಿನಲ್ಲಿ. ಫೋನೆತ್ತಿ ಅವನು ಹಲೋ ಎನ್ನುವುದಿಲ್ಲ. "ಬದುಕಿವ್ನಿ, ಮಡಗು" ಎಂದು ಕಟ್ ಮಾಡುತ್ತಾನೆ. ಹೋದ ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಇದೇ ಆಯಿತು. ಮೊನ್ನೆ ಭಾನುವಾರ ದಿಬ್ಬದ ಮೇಲೆ ಕಪ್ಪಗೆ ಕವಿದಾಗ ಜಯಾ, "ಪಾಪ, ಅವರ್ನ ಯಾಕೆ ಕಾಡ್ತೀರಾ, ಊಟದ ಹೊತ್ತು" ಎಂದಳು. ಸರಿ ಎನಿಸಿತು. ಫೋನನ್ನು ಮೇಜಿನ ಮೇಲಿಟ್ಟು ಕಿಟಕಿ ಮುಚ್ಚಿದೆ, ಮತ್ತೆ ತೆರೆದೆ, ಮತ್ತೆ ಮುಚ್ಚಿದೆ. ಮಳೆ ಶುರುವಾಗಿ ಹತ್ತು ನಿಮಿಷಕ್ಕೆ ಫೋನ್ ಬಂತು.

"ಯಾಕ್ಲಾ, ನಿಮ್ಮನೆ ಕಡೆ ಮೋಡ ಇಲ್ವಾ?" ಎಂದ.

"ಐತೆ" ಎಂದೆ.

"ಮತ್ತೆ?"

"ಹೇಗಿದೀಯಾ ಕದಿರ?" ಎಂದು ಕೇಳಿದೆ. "ಬದುಕಿವ್ನಿ" ಎಂದ. ಮಡಗು ಎನ್ನಲಿಲ್ಲ. ಅವನ ಕಡೆಯ ಮಳೆಯ ಸದ್ದು ನನಗೂ, ನನ್ನ ಕಡೆಯದು ಅವನಿಗೂ ಕೇಳಿಸುತ್ತಾ ಸ್ವಲ್ಪ ಹೊತ್ತು ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು.